ಮೀಸೆಯ ಮೇಲೆ ಚರ್ಚೆ

"ಚರ್ಚೆಯಲ್ಲಿ ನನ್ನನ್ನು ಗೆಲ್ಲುವವನು ಇನ್ನೂ ಹುಟ್ಟಿಲ್ಲ! ಸೋತವನು ಗೆದ್ದವನನ್ನು ಹೆಗಲ ಮೇಲೆ ಹೊತ್ತು ಊರು ಮೂರು ಸುತ್ತು ಬರಬೇಕು. ಇದೇ ನನ್ನ ಪಣ!"

ರಾಜಸಭೆಯಲ್ಲಿ ಹೀಗೆ ಗುಡುಗಿದವರು ಪರದೇಶದ ಪಂಡಿತ ಉದ್ದಂಡಯ್ಯ. ಮೈ ನೋಡಿದರೆ ಅಕ್ಕಿಮೂಟೆ. ಆರು ಊರುಗಳ ಪಾಠಶಾಲೆಯ ಹುಡುಗರು ಈಗಾಗಲೇ ಅವರನ್ನು ಹೊತ್ತು, ಸೊಂಟ ಹಿಡಿದುಕೊಂಡು ಮಲಗಿದ್ದರು.

ಪಂಡಿತರಿಗೆ ಎದುರಾಳಿ ಯಾರೆಂದು ಇಲ್ಲಿನ ಪಾಠಶಾಲೆಯಲ್ಲಿ ಚೀಟಿ ಎತ್ತಿದಾಗ ಬಂದದ್ದು ಶಂಭುಲಿಂಗನ ಹೆಸರು. ಗಾಳಿ ಬೀಸಿದರೆ ಹಾರಿಹೋಗುವಂಥ ಹುಡುಗ, ಪಾಪ. ಅವನು ಮಂತ್ರಿ ಹೊನ್ನಪ್ಪಯ್ಯನ ಬಳಿಗೆ ಓಡಿದ.

"ಅಯ್ಯಾ, ಸೋಲು ಹಾಳಾಗಿ ಹೋಗಲಿ, ನನ್ನ ಬೆನ್ನುಮೂಳೆ ಉಳಿಯೋಲ್ಲ!"

"ತೀರ್ಪುಗಾರ ನಾನೇ ಕಣೋ. ನಾನು ಕೇಳೋವರೆಗೆ ತುಟಿ ಬಿಚ್ಚಬೇಡ."

ಮರುದಿನ ಸಭೆ ಕಿಕ್ಕಿರಿಯಿತು. ವಿಷಯ: ಗಂಡಸಿಗೆ ಮೀಸೆ ಬೇಕೋ, ಬೇಡವೋ? ಸ್ವತಃ ರಾಜರು ಮೂರು ದಿನ ಯೋಚಿಸಿ ಆರಿಸಿದ್ದು. ರಾಜ್ಯದಲ್ಲಿ ಬೇರೆ ಕೆಲಸವಿರಲಿಲ್ಲವೆಂದು ಕಾಣುತ್ತದೆ.

"ಪಂಡಿತರೇ, ತಾವು ಪರವೋ, ವಿರೋಧವೋ?" ಎಂದ ಹೊನ್ನಪ್ಪಯ್ಯ.

"ಯಾವುದಾದರೇನು? ಎರಡರಲ್ಲೂ ಗೆಲ್ಲುತ್ತೇನೆ!"

"ಎರಡೂ ಕಡೆ ಒಬ್ಬರೇ? ಬಿಡಿ ಸ್ವಾಮಿ, ಅದು ಯಾರ ಕೈಲೂ ಆಗೋ ಮಾತಲ್ಲ."

ಪಂಡಿತರಿಗೆ ಮೈಯೆಲ್ಲ ಉರಿಯಿತು. "ಆಗುವುದಿಲ್ಲವೇ? ನೋಡುತ್ತಿರಿ!"

ಮೀಸೆಯಿಲ್ಲದ ಮುಖ ಒಗ್ಗರಣೆಯಿಲ್ಲದ ಸಾರು ಎಂದರು. ಮೀಸೆಯಿಂದಲೇ ಮಳೆ, ಬೆಳೆ ಎಂದರು. ಗಂಟೆ ಮೊಳಗಿತು. ಥಟ್ಟನೆ ಆಚೆ ಬದಿಗೆ ಹೋಗಿ ನಿಂತು, ಮಜ್ಜಿಗೆ ಕುಡಿಯಲು ಬಿಡದ ಮೀಸೆ ಮನುಷ್ಯನ ಪರಮಶತ್ರು ಎಂದು, ಮೊದಲು ಆಡಿದ ಒಂದೊಂದು ಮಾತನ್ನೂ ಚಿಂದಿ ಮಾಡಿದರು. ಮತ್ತೆ ಗಂಟೆ ಮೊಳಗಿತು.

"ಶಂಭುಲಿಂಗ, ನಿನ್ನ ವಾದ?"

"ನನಗೆ ಅಂತ ಯಾವ ಪಕ್ಷ ಉಳಿದಿದೆ, ಅಯ್ಯಾ?"

"ಅದೂ ನಿಜವೇ. ಹಾಗಾದರೆ ನೀನು ಚರ್ಚೆಯಲ್ಲೇ ಇಲ್ಲ, ಕೂತುಕೋ. ಪಂಡಿತರೇ, ಕೊನೆಗೆ ಗೆದ್ದವರು ಯಾರು?"

"ಇದೇನು ಪ್ರಶ್ನೆ? ನಾನೇ!"

"ಮೀಸೆ ಬೇಕೆಂದವರ ವಾದ ಏನಾಯಿತು?"

"ಪುಡಿಪುಡಿಯಾಯಿತು!"

"ಹಾಗೆ ವಾದಿಸಿ ಸೋತವರು ಯಾರು?"

"ನಾ..." ಪಂಡಿತರು ತಾವು ಮೊದಲು ನಿಂತಿದ್ದ ಬದಿಯತ್ತ ತಿರುಗಿ ನೋಡಿದರು.

"ಪಣ ತಮ್ಮದೇ. ಸೋತ ಪಂಡಿತರು ಗೆದ್ದ ಪಂಡಿತರನ್ನು ಹೊತ್ತು ಊರು ಮೂರು ಸುತ್ತು ಬರಲಿ!"

"ಅಯ್ಯೋ, ನನ್ನನ್ನು ನಾನೇ ಹೊರುವುದು ಹೇಗಯ್ಯಾ?"

ಹೊನ್ನಪ್ಪಯ್ಯ ಕೈಮುಗಿದ. "ಕಾಲಿದೆಯಲ್ಲ ಸ್ವಾಮಿ, ನಡೆಯಿರಿ. ಇಷ್ಟು ದಿನ ಆ ಭಾರ ಹುಡುಗರೇ ಹೊತ್ತದ್ದರಿಂದ ತಮಗೆ ಅಭ್ಯಾಸ ತಪ್ಪಿದೆ, ಅಷ್ಟೇ!"