ಅಜ್ಜನ ಕೋಣೆಯ ಬಿಲ್ವ

ಹೊಳೆಯ ದಂಡೆಗೊಂದು ಸಣ್ಣ ಮಠ. ಅಲ್ಲಿನ ಗುರು ಘನಲಿಂಗಜ್ಜ ಮಳೆಗಾಲದಲ್ಲಿ ಜ್ವರ ಬಂದು ಮಲಗಿದವರು ಮತ್ತೆ ಹೊರಗೆ ಬಂದಿರಲಿಲ್ಲ.

ಅಂಗಳದಲ್ಲಿದ್ದ ಬಿಲ್ವದ ಕುಂಡವನ್ನೂ ಶಿಷ್ಯ ಅಡವಯ್ಯ ಅವರ ಕೋಣೆಗೇ ತಂದಿಟ್ಟ. ಅಜ್ಜನ ಗುರುಗಳು ಕೈಯಾರೆ ನೆಟ್ಟ ಗಿಡ ಅದು. ಗಾಳಿ ಬಡಿಯಬಾರದು, ದನ ಬಾಯಿ ಹಾಕಬಾರದು, ಅಜ್ಜನ ಕಣ್ಣೆದುರಿಗೇ ಇರಲಿ ಅಂತ ಅವನ ಆಸೆ.

ಆ ಗುರುಗಳ ಗದ್ದುಗೆಗೆ, ಅಂದರೆ ಸಮಾಧಿಗೆ, ದಿನವೂ ಹಾಲು ಜೇನಿನ ಅಭಿಷೇಕ. ಆ ತೀರ್ಥ ಯಾರ ಕಾಲಿಗೂ ಸಿಗಬಾರದು, ಗಿಡದ ಬುಡಕ್ಕೆ ಸುರಿಯಬೇಕು ಅನ್ನುವುದು ಮಠದ ಪದ್ಧತಿ. ಇಷ್ಟು ದಿನ ಅಂಗಳದ ತೆಂಗಿಗೆ ಹೋಗುತ್ತಿದ್ದದ್ದನ್ನು ಅಡವಯ್ಯ ಈಗ ಒಂದು ಹನಿಯೂ ಬಿಡದೆ ಕುಂಡಕ್ಕೆ ಸುರಿಯತೊಡಗಿದ. ಹಿರಿಯರ ತೀರ್ಥ, ಹಿರಿಯರ ಗಿಡ. ಇದಕ್ಕಿಂತ ದೊಡ್ಡ ಔಷಧ ಯಾವುದಿದೆ ಹೇಳಿ?

ಗಿಡ ಮಾತ್ರ ಸೊರಗುತ್ತಾ ಬಂತು. ಎಲೆ ಹಳದಿಯಾಗಿ ಉದುರಿದವು. ಅಡವಯ್ಯ ಉದುರಿದ್ದನ್ನು ದಿನವೂ ಎಣಿಸತೊಡಗಿದ. ಈ ಗಿಡ ಒಣಗಿದ ದಿನ ಅಜ್ಜನೂ ಹೋಗಿಬಿಡುತ್ತಾರೆ ಅಂತ ಅವನ ತಲೆಗೆ ಹೇಗೋ ಹೊಕ್ಕುಬಿಟ್ಟಿತ್ತು. ಹೆತ್ತವರ ಮುಖ ಕಾಣದವನಿಗೆ ಅಜ್ಜನೇ ಎಲ್ಲ.

ಕಿಟಕಿ ಭದ್ರ ಮಾಡಿದ. ತೀರ್ಥ ಇನ್ನಷ್ಟು ಸುರಿದ. ಅಜ್ಜನಿಗೆ ಇನ್ನೊಂದು ಕಂಬಳಿ ಹೊದಿಸಿದ, ಬೇಡ ಬೇಡ ಅಂದರೂ ಕೆನೆಹಾಲು ಕುಡಿಸಿದ. ನೋಡಲು ಬಂದ ಭಕ್ತರನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ. ಹೊಳೆಯ ತನಕ ಹೋಗಿ ಬರೋಣ ಅಂತ ಅಜ್ಜ ಕೇಳಿದರೆ ಗದರಿಸಿ ಮಲಗಿಸುತ್ತಿದ್ದ. ಗುರುವನ್ನು ಗದರಿಸುವ ಶಿಷ್ಯ, ನೋಡಿ.

ಒಂದು ಬೆಳಿಗ್ಗೆ ಪೂಜೆ ಮುಗಿಸಿ ತೀರ್ಥದ ತಂಬಿಗೆ ಹಿಡಿದು ಬಂದವನು ಹೊಸ್ತಿಲಲ್ಲೇ ಗರಬಡಿದವನ ಹಾಗೆ ನಿಂತ.

ಹಾಸಿಗೆ ಖಾಲಿ. ಅಜ್ಜ ನೆಲದ ಮೇಲೆ ಕೂತಿದ್ದಾರೆ. ಗಿಡವನ್ನು ಬುಡಸಮೇತ ಕುಂಡದಿಂದ ಕಿತ್ತಿದ್ದಾರೆ. ಕುಡಗೋಲಿನಿಂದ ಅದರ ಬೇರು ಕೊಯ್ಯುತ್ತಿದ್ದಾರೆ.

"ಅಜ್ಜಾರ, ಏನ್ ಮಾಡಾಕತ್ತೀರಿ?"

ತಂಬಿಗೆ ಕೈಜಾರಿತು. ಚೆಲ್ಲಿದ ತೀರ್ಥವನ್ನು ತಾನೇ ತುಳಿದುಕೊಂಡು ಅಜ್ಜನ ಬಳಿಗೆ ಓಡಿದ.

ಅಜ್ಜ ಬುಡದ ಮಣ್ಣನ್ನು ಒಂದು ಹಿಡಿ ತೆಗೆದು ಅವನ ಮೂಗಿನ ಹತ್ತಿರ ಹಿಡಿದರು.

ಹುಳಿತ ಹಾಲಿನ ನಾತ. ಬೇರುಗಳು ಕಪ್ಪಗೆ ಕೊಳೆತು, ಮುಟ್ಟಿದರೆ ಸಿಪ್ಪೆ ಕಳಚಿ ಬರುತ್ತಿತ್ತು. ಇದನ್ನು ಮಾಡಿದ್ದು ತಾನೇ ಅಂತ ತಿಳಿದದ್ದೇ ಅಡವಯ್ಯ ಅಜ್ಜನ ಪಕ್ಕದಲ್ಲಿ ಕುಕ್ಕರಿಸಿದ.

"ಸಾಯಬಾರದಂತ ಹಾಕೀನ್ರಿ."

"ಗೊತ್ತೈತಿ."

"ಉಳೀತೈತೇನ್ರಿ?"

ಅಜ್ಜ ತಡಕಿ ತಡಕಿ, ಕೊಳೆತದ್ದರ ನಡುವೆ ಬೆಳ್ಳಗಿದ್ದ ಒಂದು ಬೇರು ತೋರಿಸಿದರು. ಅಷ್ಟನ್ನು ಉಳಿಸಿಕೊಂಡು, ಗಿಡವನ್ನು ಎದೆಗೆ ಅವಚಿಕೊಂಡು ಎದ್ದರು. ಹಿಡಿಯಲು ಬಂದ ಅಡವಯ್ಯನ ಕೈ ಸರಿಸಿದರು. ಗೋಡೆ ಹಿಡಿದು, ನಿಂತು ನಿಂತು ಅಂಗಳಕ್ಕೆ ನಡೆದು, ತೆಂಗಿನ ಪಕ್ಕ ಬರೀ ಮಣ್ಣಿನಲ್ಲಿ ಅದನ್ನು ನೆಟ್ಟರು. ಎಳೆಬಿಸಿಲಿತ್ತು. ಹೊಳೆಯ ಕಡೆಯಿಂದ ಗಾಳಿ ಬೀಸುತ್ತಿತ್ತು.

ಅಡವಯ್ಯ ಓಡಿಹೋಗಿ ಕಂಬಳಿ ತಂದ. ಅಜ್ಜನ ಹೆಗಲಿಗೆ ಹೊದಿಸಲು ಹೋದ.

ಅಜ್ಜ ಮಣ್ಣು ಮೆತ್ತಿದ ಕೈಯಿಂದ ಅದನ್ನು ತಡೆದರು.

"ಗಿಡ ಹೊರಗ ಬಂತಪಾ. ಇನ್ನ ನನ್ನೂ ಬಿಡು."