ಫಕೀರವ್ವನ ಅಂಗಳಕ್ಕೊಂದು ಹುಲ್ಲು

ಒಂದು ಮಳೆಗಾಲವಿಡೀ ಗುರುಗಳೂ ಅವರ ಶಿಷ್ಯ ಭರಮಣ್ಣನೂ ಹೊಳೆದಂಡೆಯ ಫಕೀರವ್ವನ ಮನೆಯಲ್ಲಿ ಉಳಿದರು. ಒಬ್ಬಂಟಿ ಹೆಂಗಸು. ದಿನಾಲೂ ಬಿಸಿ ರೊಟ್ಟಿ ಬಡಿದು ನೀಡಿದಳು, ಒಮ್ಮೆಯೂ ಮುಖ ಗಂಟು ಹಾಕಲಿಲ್ಲ.

ಭರಮಣ್ಣ ತಿಂದ ರೊಟ್ಟಿ ಒಟ್ಟಿದ್ದರೆ ಹೊಳೆಗೊಂದು ಸೇತುವೆಯಾಗುತ್ತಿತ್ತು, ಸುಳ್ಳಲ್ಲ. ಆಡಿದ ಮಾತು ಒಟ್ಟಿದ್ದರೆ ಆ ಸೇತುವೆ ಆಚೆ ದಂಡೆಯಲ್ಲೂ ನಿಲ್ಲದೆ ಮುಂದಿನ ಊರಿಗೆ ಹೋಗುತ್ತಿತ್ತು.

ಹೊರಡುವ ಹಿಂದಿನ ದಿನ ಗುರುಗಳು ಹೇಳಿದರು: "ತಾಯೀ, ನಿನ್ನ ಋಣ ತೀರೂದಲ್ಲ. ಆದರೂ ಏನರ ಕೇಳು."

"ಅಂಗಳ ಬೋಳು ಐತ್ರೀ ಅಜ್ಜಾರ. ಎತ್ತರಕ್ಕ ಬೆಳಿಯೋ ಹುಲ್ಲು ಹಚ್ಚಿ ಹೋಗ್ರಿ. ನೀವು ಹೋದ ಮ್ಯಾಲೆ ಮನಿ ಭಣಭಣ ಅಂತೈತಿ."

ಭರಮಣ್ಣ ತೊಡೆ ತಟ್ಟಿದ. "ಅಷ್ಟೇನಾ ಅವ್ವಾ? ಚಂದ್ರ ತಲಿ ಬಗ್ಗಿಸಿ ದಾಟಬೇಕು, ಅಂಥಾ ಹುಲ್ಲು ತರ್ತೀನಿ!"

ಸಂಜೆಗೆ ಹೊರೆ ಹೊತ್ತು ಬಂದ. ಬೆಳ್ಳಗಿನ ತೆನೆಯ ಹುಲ್ಲೊಂದು, ಮೋಡವನ್ನೇ ಕಿತ್ತು ತಂದಂತಿತ್ತು. ಜೊತೆಗೆ ಬೇರು ಘಮಘಮಿಸುವ ಲಾವಂಚ. ಅವುಗಳ ನಡುವೆ ಸಿಕ್ಕಿಕೊಂಡು ಬಂದಿದ್ದ ಇನ್ನೊಂದು ಹುಲ್ಲಿನ ಬುಡವನ್ನು ಭರಮಣ್ಣ ಬೇಲಿಯಾಚೆ ಎಸೆದ.

"ಅದ್ಯಾಕ ಎಸೆದಿ?"

"ಅದರ ಪಾಡು ನೋಡ್ರಿ ಅಜ್ಜಾರ! ಗೀಜಗ ಹಕ್ಕಿ ಗೂಡು ಹೆಣಿಯಾಕಂತ ಎಲಿಯೆಲ್ಲಾ ಸೀಳಿ ಒಯ್ದಾವ. ದಂಡಿ ತುಂಬ ಹುಲ್ಲಿದ್ರೂ ಅವಕ್ಕ ಇದೇ ಬೇಕು. ಇದನ್ನ ಹಚ್ಚಿದ್ರ ಮಳಿಗಾಲ ಬಂತಂದ್ರ ಅಂಗಳದಾಗ ಬರೇ ಚೀಂವ್‌ ಚೀಂವ್‌!"

ಗುರುಗಳು ಎದ್ದರು. ಬೇಲಿ ದಾಟಿ ಆ ಚಿಂದಿ ಹುಲ್ಲನ್ನು ಎತ್ತಿ ತಂದರು. ಬಾಗಿಲಿಗೆ ನೇರವಾಗಿ ಕುಣಿ ತೋಡಿ ಅದನ್ನೇ ನೆಟ್ಟರು.

ಭರಮಣ್ಣ ಕುಣಿಯ ಪಕ್ಕಕ್ಕೆ ಓಡಿ ಬಂದ. "ಅಷ್ಟು ದಿನ ಅನ್ನ ಹಾಕಿದ ಕೈಗೆ ಹರಕು ಹುಲ್ಲೇನ್ರೀ? ನಮ್ಮನ್ನ ನೆನಿಸಿದಾಗೆಲ್ಲ ಅವ್ವ ಇದನ್ನ ನೋಡಬೇಕಾ?"

ಗುರುಗಳು ಬುಡಕ್ಕೆ ಮಣ್ಣು ಒತ್ತುತ್ತ ಕೇಳಿದರು: "ನಮಗ ಊಟಕ್ಕ ನೀಡಿ ಅವ್ವ ಎಲ್ಲಿ ಕೂಡತಿದ್ದಳು?"

"ಹೊಸ್ತಿಲದ ಮ್ಯಾಲೆ."

"ಒಳಗ ಕೆಲಸ ಇರಲಿಲ್ಲೇನು?"

"ಇತ್ತು ಅಜ್ಜಾರ, ಬೇಕಾದಷ್ಟಿತ್ತು. ಆದ್ರ ನನ್ನ ಬಡಾಯಿ ಕೇಳಿಕೋಂತ, ನಕ್ಕೋಂತ ಅಲ್ಲೇ ಕೂತುಬಿಡತಿದ್ದಳು."

ಗುರುಗಳು ಒಂದು ಚರಿಗೆ ನೀರು ಹೊಯ್ದು ಕೈ ತೊಳೆದುಕೊಂಡರು.

"ನಿನ್ನೊಬ್ಬನ ಜಾಗ ತುಂಬಾಕ ಗೀಜಗದ ಒಂದು ಹಿಂಡಾದ್ರೂ ಬೇಕಲ್ಲಪ್ಪಾ."