ಕೆಂಪು ದಾರದ ಗಿಡ

“ಅಜ್ಜಾರೆ, ಮಠಕ್ಕೆ ತಕ್ಕವನಲ್ಲ ಎಂದು ತಿಳಿದ ಮೇಲೂ ಒಬ್ಬನನ್ನು ಒಳಗೆ ಇಟ್ಟುಕೊಳ್ಳುವುದು ಸರಿಯೇ?” ಎಂದು ಅಡವಯ್ಯ ಗುರುಗಳನ್ನು ಕೇಳಿದ.

ಅಡವಯ್ಯ ಮಠದ ಹಿರಿಯ ಶಿಷ್ಯ. ಉಳಿದವರ ನಡತೆ ನೋಡಿಕೊಳ್ಳುವ ಹೊಣೆ ಅವನದು. ಅದರ ಗುರುತಾಗಿ ಗುರುಗಳೇ ಅವನ ಮುಂಗೈಗೆ ಕೆಂಪು ದಾರ ಕಟ್ಟಿದ್ದರು. ಅವನ ದೂರು ಗುಂಡಯ್ಯನೆಂಬ ಶಿಷ್ಯನ ಮೇಲೆ. ಗುಂಡಯ್ಯ ಭಜನೆಯಲ್ಲಿ ತೂಕಡಿಸುತ್ತಾನೆ, ಎದುರು ಮಾತಾಡುತ್ತಾನೆ, ಅವನನ್ನು ನೋಡಿ ಉಳಿದವರೂ ಕೆಡುತ್ತಿದ್ದಾರೆ ಎಂದ. ಗುಂಡಯ್ಯನಿಗೆ ಮಠ ಬಿಟ್ಟರೆ ಬೇರೆ ದಿಕ್ಕಿಲ್ಲವೆಂಬುದು ಅಡವಯ್ಯನಿಗೂ ಗೊತ್ತಿತ್ತು. ಆದರೂ ಗುಂಡಯ್ಯನ ಬಟ್ಟೆಬರೆಯ ಗಂಟು ಕಟ್ಟಿಸಿ ಬಾಗಿಲಲ್ಲಿ ಇಡಿಸಿಯೇ ಬಂದಿದ್ದ. ಗುರುಗಳು ಹೂಂ ಎನ್ನುವುದೊಂದೇ ಬಾಕಿ.

ಗುರುಗಳು ಹೂಂ ಎನ್ನಲಿಲ್ಲ, ಕತೆ ಹೇಳಿದರು.

“ಹಿಂದೆ ಒಬ್ಬ ಅರಸನ ನಾಡಿನಲ್ಲಿ ಔಷಧಕ್ಕೆಂದು ಭಂಗಿ, ಅಂದರೆ ಗಾಂಜಾ ಗಿಡ, ಬೆಳೆಯುತ್ತಿದ್ದರು. ಅರಮನೆಯ ಅಪ್ಪಣೆ ಪಡೆದವನು ಮಾತ್ರ ಬೆಳೆಯಬೇಕು. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೂ ಬಿಡುವ ತನಕ ಎಂಥ ಜಾಣನಿಗೂ ಗುರುತು ಸಿಗದು. ಹೂ ಬಿಡುವ ಹೊತ್ತಿಗೆ ಎಲೆಯ ತೊಟ್ಟು ಕಾಂಡಕ್ಕೆ ಸೇರುವ ಸಂದಿಯಲ್ಲಿ ನೋಡಬೇಕು. ಅಲ್ಲಿ ಬಿಳಿ ಎಳೆಗಳು ಇಣುಕಿದರೆ ಹೆಣ್ಣು. ಗುಂಡು ಮೊಗ್ಗುಗಳು ಗೊಂಚಲಾಗಿ ಜೋತುಬಿದ್ದರೆ ಗಂಡು. ಗಂಡು ಹೂವಿನ ಪುಡಿ ಗಾಳಿಗೆ ಹಾರಿದರೆ ಹೆಣ್ಣು ಹೂವಿನಲ್ಲಿ ಕಾಳು ಕಟ್ಟುತ್ತದೆ. ಕಾಳು ಕಟ್ಟಿದ ಹೂವನ್ನು ಅರಮನೆಯ ವೈದ್ಯರು ಮುಟ್ಟರು. ಹೂ ಕೆಡಿಸಿಕೊಂಡವನಿಗೆ ಮತ್ತೆ ಅಪ್ಪಣೆ ಇಲ್ಲ.”

“ಹಾಗಾದರೆ ಗಂಡು ಗಿಡವನ್ನು ಕೀಳಲೇಬೇಕಲ್ಲವೇ?” ಎಂದ ಅಡವಯ್ಯ. ತನ್ನ ಮಾತು ಗೆದ್ದಿತೆಂದು ಅವನಿಗೆ ಅನಿಸಿತ್ತು.

“ಕೀಳಲೇಬೇಕು. ಅದರಲ್ಲಿ ಎರಡು ಮಾತಿಲ್ಲ,” ಎಂದು ಗುರುಗಳು ಮುಂದುವರಿಸಿದರು.

“ಅಲ್ಲೊಬ್ಬ ರೈತನಿದ್ದ. ಗಿಡ ನೋಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಅವನ ಹೆಮ್ಮೆ ಹುಸಿಯಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಸಾಲು ಸಾಲು ನೋಡುತ್ತಿದ್ದ. ಗಂಡನ್ನು ಕಿತ್ತೆಸೆಯುತ್ತಿದ್ದ, ಹೆಣ್ಣಿಗೆ ಕೆಂಪು ದಾರ ಕಟ್ಟುತ್ತಿದ್ದ. ದಾರ ಕಟ್ಟಿದ ಗಿಡವನ್ನು ಮತ್ತೆ ನೋಡುವ ಪದ್ಧತಿ ಅವನಲ್ಲಿರಲಿಲ್ಲ. ತಾನು ಒಮ್ಮೆ ನೋಡಿದ್ದನ್ನು ಇನ್ನೊಮ್ಮೆ ನೋಡಿದರೆ ತನ್ನ ಕಣ್ಣಿಗೇ ಅವಮಾನವೆಂದು ತಿಳಿದಿದ್ದ.

“ಒಂದು ವರ್ಷ ಅವನ ಹೂವಿನಲ್ಲಿ ಕಾಳು ಕಾಣಿಸಿತು. ತನ್ನ ಹೊಲದಲ್ಲಿ ಗಂಡು ಗಿಡ ಉಳಿಯುವ ಮಾತೇ ಇಲ್ಲ. ಹಾಗಾದರೆ ಪುಡಿ ಹಾರಿದ್ದು ಪಕ್ಕದ ಹೊಲದಿಂದ ಎಂದು ತೀರ್ಮಾನಿಸಿದ. ಪಕ್ಕದವನು ಅವನೊಡನೆ ಒಂದೇ ಬಾವಿಯ ನೀರು ಹಂಚಿಕೊಂಡು ಬೆಳೆಯುವವನು. ನಾನೂ ಗಂಡು ಗಿಡ ನೋಡಿ ಕಿತ್ತಿದ್ದೇನೆ, ಬೇಕಾದರೆ ಬಂದು ನೋಡು ಎಂದು ಕರೆದ. ರೈತ ಬಂದ, ಆದರೆ ನೋಡಲಿಲ್ಲ. ಸಿಟ್ಟಿನ ಕೈಗೆ ಬುದ್ಧಿ ಕೊಟ್ಟು, ಕಂಡ ಕಂಡ ಗಿಡವನ್ನೆಲ್ಲ ಗಂಡೆಂದು ಕಿತ್ತು ರಾಶಿ ಹಾಕಿದ. ಊರವರು ತಡೆಯಲಿಲ್ಲ. ಗಿಡದ ಗುರುತು ಅವನಿಗಿಂತ ಹೆಚ್ಚಿಗೆ ತಮಗೆ ಗೊತ್ತೇ ಎಂದು ಸುಮ್ಮನಾದರು. ಪಕ್ಕದವನ ಬಾಳು ಅಲ್ಲಿಗೆ ಮಣ್ಣುಪಾಲಾಯಿತು.

“ರೈತ ನಿಶ್ಚಿಂತನಾದ. ಕೆಲವು ದಿನಗಳ ಮೇಲೆ ಹೊಸ ಹೂ ಬಿಡಿಸಿ ನೋಡಿದರೆ, ಅದರಲ್ಲೂ ಕಾಳು. ಆಗ ಪಕ್ಕದವನು ಬದುವಿನ ಮೇಲೆ ನಿಂತು ಒಂದೇ ಮಾತು ಆಡಿದ. ‘ಅಣ್ಣಾ, ನನ್ನ ಹೊಲದಾಗ ಈಗ ಒಂದು ಗಿಡಾನೂ ಇಲ್ಲ. ಇನ್ನ ಯಾರ ಹೊಲಕ್ಕ ಹೋಗಿ ಕೀಳ್ತಿ? ದಾರ ಕಟ್ಟಿದ ಗಿಡಾನ ಒಮ್ಮೆ ನೋಡು.’

“ರೈತನಿಗೆ ನಗು ಬಂತು. ಆದರೂ ನೋಡಿದ. ಸಾಲಿನ ನಡುವೆ ಎಲ್ಲಕ್ಕಿಂತ ಸೊಗಸಾದ ಗಿಡವೊಂದಿತ್ತು. ಅವನು ಮೊದಲು ದಾರ ಕಟ್ಟಿದ್ದು ಅದಕ್ಕೇ. ಅದರ ಎಲೆ ಸರಿಸಿದ. ಬಿಳಿ ಎಳೆಗಳಿದ್ದವು. ಆ ಎಳೆಗಳ ನಡುವೆಯೇ ಗಂಡು ಮೊಗ್ಗುಗಳು ಜೋತುಬಿದ್ದು, ಒಡೆದು, ಪುಡಿ ಉದುರಿಸುತ್ತಿದ್ದವು. ಭಂಗಿಯಲ್ಲಿ ಹೀಗೂ ಆಗುವುದುಂಟು. ಹೆಣ್ಣೆಂದು ನಿಂತ ಗಿಡವೇ ಆಮೇಲೆ ಒಂದು ಕೊಂಬೆಯಲ್ಲಿ ಗಂಡು ಹೂ ಬಿಟ್ಟುಬಿಡುತ್ತದೆ. ದಾರ ಕಟ್ಟಿದ ದಿನ ಅವನು ನೋಡಿದ್ದು ಸರಿಯಾಗಿಯೇ ಇತ್ತು. ಗಿಡ ಬೆಳೆಯುತ್ತಲೇ ಇತ್ತು, ಅವನು ನೋಡುವುದನ್ನು ನಿಲ್ಲಿಸಿದ್ದ.

“ರೈತ ಆ ಗಿಡವನ್ನು ಕಿತ್ತ. ಆದರೆ ಪಕ್ಕದವನ ಹೊಲದಲ್ಲಿ ತಾನು ಕಿತ್ತದ್ದನ್ನು ಮತ್ತೆ ನೆಡಲು ಅವನಿಂದ ಆಗಲಿಲ್ಲ.”

ಕತೆ ಮುಗಿಯಿತು. ಕತೆಯ ಸಾರ ತನಗೆ ಸಿಕ್ಕಿತೆಂದುಕೊಂಡ ಅಡವಯ್ಯ, ಹಾಗಾದರೆ ಗುಂಡಯ್ಯನನ್ನು ಕಳಿಸುವ ಮೊದಲು ಇನ್ನೊಮ್ಮೆ ಸರಿಯಾಗಿ ನೋಡುತ್ತೇನೆ ಎಂದ.

ಗುರುಗಳು ಪಕ್ಕದಲ್ಲಿ ಉರಿಯುತ್ತಿದ್ದ ದೀಪವನ್ನು ಅವನ ಕಡೆಗೆ ಸರಿಸಿದರು.

“ಗುಂಡಯ್ಯ ಇರಲಿ, ನಿನಗೆ ದಾರ ಕಟ್ಟಿ ಬಹಳ ಕಾಲವಾಯಿತು, ಸ್ವಲ್ಪ ಬೆಳಕಿಗೆ ಬಾ.”